ಸೊನ್ನೆ ಊದಿದವಳ ಲಿವರ್

ಮಾರ್ಚ್ 4, ಮಂಗಳವಾರ

ಗೇಟಿನಲ್ಲಿ ಕುಡಿತ ಪತ್ತೆಹಚ್ಚುವ ಯಂತ್ರಕ್ಕೆ ಊದಿದೆ. ಸೊನ್ನೆ. ಸೆಕ್ಯುರಿಟಿಯವನು ಈಗೀಗ ಯಂತ್ರದ ಕಡೆ ನೋಡುವುದೂ ಇಲ್ಲ. ‘ನಿಮ್ದು ಬಿಡಿ ಅಕ್ಕ, ಮೆಷಿನ್‌ಗೇ ಬೇಜಾರಾಗಿದೆ’ ಅಂದ. ಟೈಮ್ ಆಫೀಸಿನ ಕಿಟಕಿಯಲ್ಲಿರುವ ಜಾಡಿಗೆ ಕೈ ಹಾಕಿ ಹೊಟ್ಟೆ ಉರಿಯ ಮಾತ್ರೆ ಒಂದು. ಡ್ರಮ್ಮಿನ ನೀರು, ಸರಪಳಿ ಕಟ್ಟಿದ ಅದೇ ಮಗ್ಗು, ಎಲ್ಲರ ಬಾಯಿ ತಾಗಿದ್ದು. ಆಮೇಲೆ ಏಣಿ.

ಹಡಗಿನಿಂದ ಪೈಪಿನ ಕಟ್ಟುಗಳು. ಇಡೀ ದಿನ ಅದೇ. ಕ್ರೇನಿನ ಕ್ಯಾಬಿನ್‌ನಿಂದ ನೋಡಿದರೆ ಸೀಟಿ ಹೆಬ್ಬೆರಳಿನಷ್ಟು ಕಾಣುತ್ತಾನೆ. ಕೆಳಗೆ ನಿಂತು ಕೈಸನ್ನೆ ಮಾಡುವ ಸಿಗ್ನಲ್‌ಮ್ಯಾನ್ ಅವನು. ಕೊರಳಿನ ಸೀಟಿಯೇ ಹೆಸರಾಗಿಹೋಗಿದೆ. ಅವನ ಮುಷ್ಟಿ ಮುಚ್ಚಿತೆಂದರೆ ನನ್ನ ಕೈ ನಿಲ್ಲುತ್ತದೆ. ನಡುವೆ ಯೋಚನೆ ಅನ್ನುವುದೇ ಇಲ್ಲ. ಒಂಬತ್ತು ವರ್ಷ ಹೀಗೇ ನಡೆದಿದೆ.

ಮಧ್ಯಾಹ್ನ ವರ್ಷದ ಮೆಡಿಕಲ್. ಈ ಸಲ ಹೊಸದಾಗಿ, ಕ್ರೇನ್ ಹತ್ತುವವರಿಗೆ ಮಾತ್ರ, ಹೊಟ್ಟೆಯ ಸ್ಕ್ಯಾನಿಂಗ್. ತಣ್ಣನೆಯ ಜೆಲ್ಲಿ ಹಚ್ಚಿ, ಬಲಗಡೆ ಪಕ್ಕೆಯ ಕೆಳಗೆ ಉಜ್ಜಿದ್ದೇ ಉಜ್ಜಿದ್ದು. ಏನು ಅಂತ ಕೇಳಿದರೆ ‘ಡಾಕ್ಟರ್ ಹೇಳ್ತಾರೆ.’

ಸಂಜೆ ಮತ್ತೆ ಉರಿ. ಮತ್ತೊಂದು ಮಾತ್ರೆ.

ಮಾರ್ಚ್ 7, ಶುಕ್ರವಾರ

ಇಲ್ಲಿ ಬರೆಯದಿದ್ದರೆ ಯಾರಿಗಾದರೂ ಬೈದುಬಿಡುತ್ತೇನೆ.

ಕಂಪನಿ ಡಾಕ್ಟರ್ ಕರೆಸಿದ್ದರು. ಚಿನ್ನದ ಫ್ರೇಮಿನ ಕನ್ನಡಕ, ಮುಖದಲ್ಲಿ ನೊಣ ಕೂತರೂ ಗೊತ್ತಾಗದಷ್ಟು ಗಾಂಭೀರ್ಯ. ಕೂರಲು ಹೇಳಲಿಲ್ಲ.

‘ಲಿವರ್‌ನಲ್ಲಿ ಕೊಬ್ಬು ತುಂಬಿದೆ. ರಕ್ತದ ರಿಪೋರ್ಟಿನಲ್ಲೂ ಲಿವರ್ ಸರಿಯಿಲ್ಲ. ಎಷ್ಟು ಕುಡೀತೀರಿ?’

ಕುಡಿಯುತ್ತೀರಾ ಅಂತ ಅಲ್ಲ. ಎಷ್ಟು ಅಂತ.

‘ಜನ್ಮದಲ್ಲಿ ಮುಟ್ಟಿಲ್ಲ ಸಾರ್.’

‘ಎಲ್ರೂ ಹಾಗೇ ಹೇಳೋದು.’

‘ದಿನಾ ಗೇಟಲ್ಲಿ ಊದ್ತೀನಲ್ಲ. ಒಂದು ದಿನಾನೂ ಸೊನ್ನೆ ಬಿಟ್ಟು ಬೇರೆ ಬಂದಿಲ್ಲ.’

‘ಅದು ಬೆಳಗಿನ ಮಾತು. ರಜಾದಿನ ಇರುತ್ತೆ, ಸಂಜೆ ಇರುತ್ತೆ. ದಪ್ಪಗಿದ್ದಿದ್ರೆ ತಿಂದು ಬಂದಿದೆ ಅನ್ನಬಹುದಿತ್ತು. ಶುಗರೂ ಇಲ್ಲ. ನೀವು ನೋಡಿದ್ರೆ ಕಡ್ಡಿ ಥರ ಇದೀರಿ. ಹಾಗಾದ್ರೆ ಇನ್ನೇನು?’

ಕಡ್ಡಿಯ ಹಾಗೆ ಇರುವುದೂ ನನ್ನ ತಪ್ಪಾಯಿತು.

ಕ್ಯಾಬಿನ್ ಹತ್ತುವಂತಿಲ್ಲ. ಮೂರು ತಿಂಗಳು ಸ್ಟೋರ್‌ನಲ್ಲಿ ಕೆಲಸ. ಅಷ್ಟರೊಳಗೆ ಲಿವರ್ ಸರಿಹೋದರೆ ಸರಿ, ಇಲ್ಲವಾದರೆ ನನ್ನ ಕ್ರೇನ್ ಬೇರೆಯವರಿಗೆ, ಶಾಶ್ವತವಾಗಿ. ‘ಸೇಫ್ಟಿ’ ಅಂದರು. ಆ ಕ್ಯಾಬಿನ್‌ಗಾಗಿ ನಾನು ಎಷ್ಟು ಜನರ ನಗು ನುಂಗಿಕೊಂಡಿದ್ದೇನೆ ಅಂತ ಇವರಿಗೆ ಗೊತ್ತೇ? ಹೆಂಗಸು ಏಣಿ ಹತ್ತುವುದನ್ನು ನೋಡಲೆಂದೇ ಊಟ ಬಿಟ್ಟು ಬಂದು ನಿಲ್ಲುತ್ತಿದ್ದರು ಮೊದಮೊದಲು. ಅಲ್ಲಿ ಕೂತಾಗ ನನ್ನನ್ನು ಯಾರೂ ಏನೂ ಕೇಳುವಂತಿಲ್ಲ. ನನ್ನದು ಅಂತ ಈ ಲೋಕದಲ್ಲಿ ಇರುವ ಜಾಗ ಅದೊಂದೇ.

ಮಾರ್ಚ್ 8, ಶನಿವಾರ

ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು.

ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ‘ಕೊಬ್ಬು ಬರೀ ನಿನ್ ನಾಲಿಗೇಲಿದೆ ಅಂದ್ಕೊಂಡಿದ್ದೆ ಕಣೆ, ಲಿವರಿಗೂ ಇಳೀತಾ?’ ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಇವರು ನಗಲಿಲ್ಲ. ಅದೇ ಕೆಟ್ಟದ್ದು. ಸುಮ್ಮನೆ ಚಹಾ ಕುಡಿದು ಮುಗಿಸಿ, ‘ನಿಜ ಹೇಳು, ನಾನೇನೂ ಅನ್ನಲ್ಲ’ ಅಂದರು. ಶನಿವಾರ ಬಂತೆಂದರೆ ಬಡಗಿ ಗೆಳೆಯರ ಜೊತೆ ಕೂತು ಗಂಟಲವರೆಗೆ ಕುಡಿದು ಬರುವ ಗಂಡಸು ಇವರು. ಹೋದ ವರ್ಷ ಇನ್ಶೂರೆನ್ಸ್‌ಗೆ ಅಂತ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್ ಕನ್ನಡಿಯ ಹಾಗಿದೆ ಅಂದಿದ್ದರು. ಸ್ವೀಟ್ ಹಂಚಿದ್ದರು. ಕುಡಿದವರದು ಕನ್ನಡಿ, ಕುಡಿಯದವಳದು ಕೊಬ್ಬು. ಯಾರ ಹತ್ತಿರ ಹೋಗಿ ನ್ಯಾಯ ಕೇಳಲಿ?

ಮಾರ್ಚ್ 11, ಮಂಗಳವಾರ

ಸ್ಟೋರ್. ಕಿಟಕಿಯಿಲ್ಲದ ರೂಮು, ಟ್ಯೂಬ್‌ಲೈಟು, ಗ್ರೀಸಿನ ವಾಸನೆ. ಕೇಳಿದವರಿಗೆ ಕೈಗವಸು ಕೊಡುವುದು, ಬೋಲ್ಟು ಕೊಡುವುದು. ಹೊರಗೆ ನನ್ನ ಕ್ರೇನಿನ ಶಬ್ದ. ಬೇರೆ ಶಿಫ್ಟಿನ ಆಪರೇಟರ್‌ಗೆ ಕೊಟ್ಟಿದ್ದಾರೆ. ಬ್ರೇಕ್ ಎಳೆದು ಎಳೆದು ಹಾಕುತ್ತಾನೆ. ಕೇಳುವಾಗ ನನ್ನ ಹಲ್ಲು ಜುಂ ಅನ್ನುತ್ತದೆ.

ಸೀಟಿ ಬಂದ. ಕೈಗವಸು ತೆಗೆದುಕೊಂಡವನು ಹೋಗಲಿಲ್ಲ.

‘ಅಕ್ಕ, ತಪ್ಪು ತಿಳ್ಕೋಬೇಡ. ನಾನು ನಿನ್ ಕೊಕ್ಕೆ ಕೆಳಗೆ ನಿಲ್ಲೋನು. ಹೆಂಡ್ತಿ ಮಕ್ಳಿದಾರೆ ನಂಗೆ.’

‘ಅದಕ್ಕೆ?’

‘ಅಂಥದ್ದೇನಾದ್ರೂ ಇದ್ರೆ... ನೀನಾಗೇ ಬಿಟ್ಕೊಟ್ಬಿಡು. ನಾನಂತೂ ಕುಡಿಯೋರ ಕೆಳಗೆ ನಿಲ್ಲಲ್ಲ.’

ಗೊತ್ತಿದೆ. ಕುಡಿಯುವವರ ಜೊತೆ ಒಂದೇ ಬೆಂಚಿನಲ್ಲಿ ಊಟಕ್ಕೂ ಕೂರದವನು. ಮದುವೆ ಮನೆಗಳಲ್ಲಿ ನಿಂತು ಭಾಷಣ ಮಾಡುವವನು. ಆದರೂ ಒಂಬತ್ತು ವರ್ಷ ನನ್ನ ಕೈ ಅವನ ತಲೆಯ ಮೇಲೆ ಟನ್‌ಗಟ್ಟಲೆ ಕಬ್ಬಿಣ ಆಡಿಸಿದೆ. ಒಂದು ಸಲವಾದರೂ ಅಲುಗಿತ್ತೇ ಅಂತ ಕೇಳಬೇಕಿತ್ತು. ರಿಜಿಸ್ಟರ್ ಅವನ ಕಡೆ ತಳ್ಳಿದೆ. ‘ಸೈನ್ ಹಾಕು’ ಅಂದೆ, ಅಷ್ಟೆ.

ಮಾರ್ಚ್ 15, ಶನಿವಾರ

ಬೇಗ ಬಂದೆ. ಇವರು ಅಡುಗೆಮನೆಯಲ್ಲಿ ನಿಂತು ನನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಿದ್ದರು.

ನಾನೂ ಬಾಗಿಲಲ್ಲೇ ನಿಂತೆ. ‘ಏನು ವಾಸನೆ ಬಂತು?’

‘ನೀರಿಂದು.’

‘ಟ್ರಂಕೂ ನೋಡಿದ್ರಾ?’

ಮುಚ್ಚಳ ಬಿಗಿಯಾಗಿ ತಿರುಗಿಸಿದರು. ಅಂದರೆ ನೋಡಿದ್ದಾರೆ. ಈ ಮನೆಯಲ್ಲಿ ಬಾಟಲಿ ಮೂಸುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ. ಇಷ್ಟು ವರ್ಷದಲ್ಲಿ ಒಂದು ದಿನ ಮೂಸಿಲ್ಲ.

ಊಟ ಮಾಡಲಿಲ್ಲ. ಹೊಟ್ಟೆ ಬೆಂಕಿ. ಜಾಡಿಯಿಂದ ತಂದಿದ್ದ ಮಾತ್ರೆ ಎರಡು ನುಂಗಿ ಮಲಗಿದೆ.

ಮಾರ್ಚ್ 24, ಸೋಮವಾರ

ಬೆಳಗ್ಗೆ ಸ್ಟೋರಿನ ಕೌಂಟರ್ ಹಿಂದೆಯೇ ವಾಂತಿಯಾಯಿತು. ರಜೆ ಹಾಕಿ ಹೊರಗಿನ ಹೊಟ್ಟೆ ಡಾಕ್ಟರ್ ಹತ್ತಿರ ಹೋದೆ. ಕಂಪನಿಯವರ ಹತ್ತಿರ ಹೋದರೆ ಅದಕ್ಕೂ ಕುಡಿತ ಅಂತ ಬರೆಯುತ್ತಾರೆ.

ಸಣ್ಣ ವಯಸ್ಸಿನ ಡಾಕ್ಟರಮ್ಮ. ‘ಕುಡೀತೀರಾ?’ ಅಂತ ಇವರೂ ಕೇಳಿದರು. ಇಲ್ಲ ಅಂದೆ. ‘ಸರಿ’ ಅಂತ ಮುಂದಿನ ಪ್ರಶ್ನೆಗೆ ಹೋದರು. ಅಷ್ಟೆ. ಸರಿ. ಆ ಒಂದು ಮಾತಿಗೆ ಅಲ್ಲೇ ಅತ್ತುಬಿಟ್ಟೆ, ನಾಚಿಕೆಗೇಡು. ಟಿಶ್ಯೂ ಕೊಟ್ಟರು.

ಎಷ್ಟು ದಿನದಿಂದ ಉರಿ? ಯಾರಿಗೆ ನೆನಪಿದೆ. ಯಾರ್ಡಿನಲ್ಲಿ ಎಲ್ಲರಿಗೂ ಇರುವುದೇ. ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ? ಯಾವುದೂ ಇಲ್ಲ. ಲಿವರಿನ ರಿಪೋರ್ಟನ್ನೂ ನೋಡಿದರು. ಎಂಜಲಿನಿಂದಲೋ ಕೆಟ್ಟ ನೀರಿನಿಂದಲೋ ಹೊಟ್ಟೆಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾ ಸೇರಿಕೊಂಡು ವರ್ಷಗಟ್ಟಲೆ ಕೂತಿರುತ್ತದಂತೆ, ಉರಿ ಅದರಿಂದ ಇರಬಹುದು. ಅಂಥವರಲ್ಲಿ ಲಿವರ್ ಕೊಬ್ಬೂ ಹೆಚ್ಚಾಗಿ ಕಾಣುತ್ತದಂತೆ. ಟೆಸ್ಟ್ ಮಾಡೋಣ ಅಂದರು. ಏನೋ ಕುಡಿಸಿ, ಕಾಯಿಸಿ, ಒಂದು ಚೀಲಕ್ಕೆ ಊದಿ ಅಂದರು. ಊದುವುದೇ ನನ್ನ ಹಣೆಬರಹ.

ರಿಸಲ್ಟ್: ಇಲ್ಲ. ಬ್ಯಾಕ್ಟೀರಿಯಾ ಇಲ್ಲ.

ಅಂದರೆ ನನಗೆ ಹೇಳಿಕೊಳ್ಳಲು ಏನೂ ಇಲ್ಲ. ಬಸ್ಸಿನಲ್ಲಿ ಬರುವಾಗ ನನಗೇ ಒಂದು ಕ್ಷಣ ಅನುಮಾನ ಬಂತು — ನಿದ್ದೆಯಲ್ಲಿ ಎದ್ದು ಕುಡಿಯುತ್ತೇನೋ ಏನೋ.

ಮಾರ್ಚ್ 25, ಮಂಗಳವಾರ

ಅಯ್ಯೋ ನನ್ನ ಬುದ್ಧಿಯೇ.

ಗೇಟಿನಲ್ಲಿ ಊದಿ, ಎಂದಿನಂತೆ ಜಾಡಿಗೆ ಕೈ ಹಾಕಿದೆ. ಮಾತ್ರೆ ಬಾಯಿಗೆ ಹೋಗುವ ಮೊದಲು ಕೈ ಹಾಗೇ ನಿಂತಿತು. ಯಾವ ಔಷಧವೂ ಇಲ್ಲ ಅಂದೆನಲ್ಲ ನಿನ್ನೆ! ಸುಳ್ಳು ಹೇಳಿದ್ದಲ್ಲ. ಇಲ್ಲಿ ಯಾರೂ ಇದನ್ನು ಔಷಧ ಅನ್ನುವುದಿಲ್ಲ. ಹೆಲ್ಮೆಟ್ ಹಾಕಿದ ಹಾಗೆ, ಬೂಟು ಕಟ್ಟಿದ ಹಾಗೆ, ಏಣಿ ಹತ್ತುವ ಮೊದಲು ಇದೊಂದು. ಮರೆತರೆ ಪಕ್ಕದವನು ‘ಹಾಕ್ಕೊಂಡ್ಯಾ?’ ಅಂತ ಕೇಳುತ್ತಾನೆ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

‘ಆ ಮಾತ್ರೆ ತಗೊಂಡ್ರೆ ಬ್ಯಾಕ್ಟೀರಿಯಾ ಅಡಗಿ ಕೂರುತ್ತೆ. ಸಾಯಲ್ಲ, ಟೆಸ್ಟಿಗೆ ಸಿಗಲ್ಲ ಅಷ್ಟೆ. ಎರಡು ವಾರ ಪೂರ್ತಿ ಬಿಟ್ಟು ಬನ್ನಿ. ಯಾರು ಬರ್ದುಕೊಟ್ಟಿದ್ದು?’

‘ಯಾರೂ ಇಲ್ಲ ಡಾಕ್ಟ್ರೇ. ಗೇಟಲ್ಲಿ ಜಾಡಿ ಇಟ್ಟಿದಾರೆ.’

‘ಗೇಟಲ್ಲಾ?’

ಅವರ ದನಿ ಕೇಳಿದ ಮೇಲೆಯೇ ನನಗೂ ಹೊಳೆದದ್ದು. ಇಡೀ ಯಾರ್ಡಿನ ಹೊಟ್ಟೆ ಉರಿಯುತ್ತಿದೆ ಅಂತ ಕಂಪನಿಗೆ ಗೊತ್ತಿತ್ತು. ಜಾಡಿ ಇಟ್ಟರು. ಯಾಕೆ ಉರಿಯುತ್ತಿದೆ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದರೆ ಮಗ್ಗು ಬದಲಾಯಿಸಬೇಕು, ನೀರು ನೋಡಬೇಕು, ಜನರನ್ನು ಆಸ್ಪತ್ರೆಗೆ ಕಳಿಸಬೇಕು. ಜಾಡಿಯೇ ಸಸ್ತಾ.

ಏಪ್ರಿಲ್ 2, ಬುಧವಾರ

ಮಾತ್ರೆ ಇಲ್ಲದೆ ಬದುಕು ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ. ಎದೆಯವರೆಗೆ ಹುಳಿ. ಅತ್ತೆ ಎಲ್ಲವನ್ನೂ ಮೆತ್ತಗೆ ಬೇಯಿಸಿ ಮುಂದೆ ಇಡುತ್ತಾರೆ, ಬಾಯಲ್ಲಿ ಬೈಗುಳ ಮಾತ್ರ ಖಾರ. ‘ತಿನ್ನೆ, ಸತ್ತುಗಿತ್ತೋದ್ರೆ ನಂಗ್ಯಾರು ಎದುರುತ್ತರ ಕೊಡೋರು?’

ಏಪ್ರಿಲ್ 9, ಬುಧವಾರ

ಇದೆ. ಬ್ಯಾಕ್ಟೀರಿಯಾ ಇದೆ. ಜೋರಾಗಿಯೇ ಇದೆ.

ರೋಗ ಇದೆ ಅಂದದ್ದಕ್ಕೆ ಇಷ್ಟು ಖುಷಿಪಟ್ಟವಳನ್ನು ನೋಡಿಲ್ಲ ಅಂದರು ಡಾಕ್ಟರಮ್ಮ. ಆಮೇಲೆ ಕೂರಿಸಿಕೊಂಡು ಹೇಳಿದರು. ಅದು ಹೊಟ್ಟೆಯಲ್ಲಿ ಕೂತಿರುವಷ್ಟು ಕಾಲ ಮೈಯೊಳಗೆ ಒಂದು ಸಣ್ಣ ಜಗಳ ನಡೆಯುತ್ತಲೇ ಇರುತ್ತದೆ. ಅದರಿಂದ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ತಪ್ಪಬಹುದು, ಲಿವರ್ ಕೊಬ್ಬು ಕೂಡಿಡಲು ಶುರುಮಾಡಬಹುದು. ಈ ಬ್ಯಾಕ್ಟೀರಿಯಾ ಇದ್ದವರಲ್ಲಿ ಲಿವರ್ ಕೊಬ್ಬು ಹೆಚ್ಚು ಅಂತ ಅನೇಕ ಅಧ್ಯಯನಗಳು ಹೇಳುತ್ತವೆ. ಅಷ್ಟೇನೂ ಸಂಬಂಧ ಇಲ್ಲ ಅನ್ನುವವೂ ಇವೆ.

‘ನನ್ನ ಕೊಬ್ಬು ಇದರಿಂದಲೇ ಅಂತ ಬರ್ದುಕೊಡ್ತೀರಾ?’

‘ಅದಾಗಲ್ಲಮ್ಮ. ಇರಬಹುದು ಅಂತ ಬರೀಬಹುದು. ಆದ್ರೆ ನಿಮ್ಮ ರಕ್ತದ ರಿಪೋರ್ಟಲ್ಲಿ ಕುಡಿತದ ಗುರುತು ಕಾಣಲ್ಲ, ತೆಳ್ಳಗಿರೋರಿಗೂ ಕುಡೀದೇ ಇರೋರಿಗೂ ಫ್ಯಾಟಿ ಲಿವರ್ ಬರುತ್ತೆ. ಅದನ್ನ ಖಂಡಿತ ಬರೀತೀನಿ.’

ಪ್ರಾಮಾಣಿಕ ಹೆಂಗಸು. ಗೌರವ ಬಂತು. ಕೋಪವೂ ಬಂತು. ಕಂಪನಿ ಡಾಕ್ಟರ್ ‘ಇರಬಹುದು’ ಅಂದಿದ್ದರೆ ನಾನು ಇವತ್ತು ಕ್ಯಾಬಿನ್‌ನಲ್ಲಿರುತ್ತಿದ್ದೆ. ಗೊತ್ತಿಲ್ಲದವರಿಗೆ ಎಷ್ಟು ಖಾತ್ರಿ ನೋಡು.

ಮನೆಯವರೂ ಟೆಸ್ಟ್ ಮಾಡಿಸಲಿ ಅಂದಿದ್ದಾರೆ.

ಏಪ್ರಿಲ್ 11, ಶುಕ್ರವಾರ

ಚಿನ್ನದ ಕನ್ನಡಕ ಓದಿದರು. ಅರ್ಧ ನಿಮಿಷವೂ ಇಲ್ಲ.

‘ಇರಬಹುದು ಅಂತ ಬರೆದಿದಾರೆ. ಇರಬಹುದು ಅಂದ್ರೆ ಇಲ್ಲದೇನೂ ಇರಬಹುದು.’

‘ಕುಡಿತ ಅಲ್ಲ ಅಂತಲೂ ಬರ್ದಿದಾರೆ ಸಾರ್, ಕೆಳಗಿದೆ.’

‘ಜೂನ್‌ನಲ್ಲಿ ಲಿವರ್ ನೋಡೋಣ.’

ಜಾಡಿಯ ವಿಷಯ ಎತ್ತಿದೆ. ಯಾರ್ಡಿನವರಿಗೆಲ್ಲ ಟೆಸ್ಟ್ ಮಾಡಿಸಬೇಕಲ್ಲವೇ ಅಂದೆ. ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದರು. ‘ನೀವು ನಿಮ್ಮ ಹೊಟ್ಟೆ ನೋಡ್ಕೊಳ್ಳಿ.’

ಮೈ ಉರಿದುಹೋಯಿತು. ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಬಂದೆ. ಬೇಕೆಂದೇ.

ಏಪ್ರಿಲ್ 19, ಶನಿವಾರ

ಬಾಯಿ ತುಂಬ ತುಕ್ಕಿನ ರುಚಿ. ಬ್ಯಾಕ್ಟೀರಿಯಾ ಸಾಯಲು ಬೆಳಗ್ಗೆ ಒಂದು ಹಿಡಿ ಮಾತ್ರೆ, ರಾತ್ರಿ ಒಂದು ಹಿಡಿ.

ಇವರಿಗೂ ಬ್ಯಾಕ್ಟೀರಿಯಾ ಇದೆ. ಅದೇ ಮಾತ್ರೆಗಳು. ಮುಗಿಯುವವರೆಗೆ ಹನಿ ಕುಡಿಯುವಂತಿಲ್ಲ ಅಂತ ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಕೋರ್ಸಿನ ಮೊದಲ ಶನಿವಾರ. ಸಂಜೆಯಿಂದ ಅಂಗಳದಲ್ಲಿ ಶತಪಥ ಹಾಕುತ್ತಿದ್ದಾರೆ. ಬ್ಯಾಕ್ಟೀರಿಯಾ ಇದ್ದರೂ ಇವರ ಲಿವರ್ ಮಾತ್ರ ಈಗಲೂ ಕನ್ನಡಿ! ಅದು ಹೇಗೆ ಅಂತ ಕೇಳಿದ್ದಕ್ಕೆ ಡಾಕ್ಟರಮ್ಮ, ‘ಒಬ್ಬೊಬ್ಬರ ಮೈ ಒಂದೊಂದು ಥರ, ಅದಕ್ಕೇ ಇರಬಹುದು ಅನ್ನೋದು’ ಅಂದರು.

ಆಮೇಲೆ ಇವರು ಬಂದು ಪಕ್ಕದಲ್ಲಿ ಕೂತರು. ‘ಬಿಡಬೇಕು ಅಂದ್ರೆ ಎಷ್ಟು ಕಷ್ಟ ಗೊತ್ತಾ ನಿಂಗೆ?’

‘ಹೇಗೆ ಗೊತ್ತಿರುತ್ತೆ?’ ಅಂದೆ.

ಅಂಗೈ ಮೊಣಕಾಲಿಗೆ ಉಜ್ಜಿಕೊಂಡರು. ‘ಬಾಟಲಿ ಮೂಸಬಾರದಿತ್ತು ನಾನು.’ ಇಷ್ಟು ಹೊತ್ತಿಗೆ ಬುದ್ಧಿ ಬಂತು. ಕ್ಷಮಿಸಿದೆ ಅಂತ ಹೇಳಲಿಲ್ಲ. ಹಾಗಂತ ಎದ್ದೂ ಹೋಗಲಿಲ್ಲ.

ಸೋಮವಾರ ಸೀಟಿಗೆ ಹೇಳಿಯೇ ಬಿಡುತ್ತೇನೆ. ಜಾಡಿಯಿಂದ ದಿನಕ್ಕೆ ಐದಾರು ಮಾತ್ರೆ ನುಂಗುತ್ತಾನೆ ಅವನು.

ಏಪ್ರಿಲ್ 21, ಸೋಮವಾರ

ಹೇಳಿದೆ. ‘ನಂಗೇನಾಗಿದೆ ಅಕ್ಕ? ನಾನೇನು ಕುಡೀತೀನಾ?’ ಅಂದ. ಅಲ್ಲೇ ಇದ್ದ ಸ್ಪ್ಯಾನರ್ ಎತ್ತಿ ತಲೆಗೆ ಹೊಡೆಯಬೇಕು ಅನ್ನಿಸಿತು. ‘ಅದೇ ಕಣೋ ನಾನೂ ಹೇಳ್ತಿರೋದು’ ಅಂದೆ. ಅರ್ಥವಾಗಲಿಲ್ಲ ಅವನಿಗೆ. ಮೊದಲು ಹೊಟ್ಟೆ ತೋರಿಸು, ಲಿವರಿನ ಫೋಟೋನೂ ತೆಗೆಸು ಅಂದೆ. ನಕ್ಕುಕೊಂಡು ಹೋದ.

ಮೇ 30, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು — ಬೋಲ್ಟು, ನಟ್ಟು, ಕೈಗವಸು.

ಇವತ್ತು ಎರಡೂ ಟೆಸ್ಟ್. ಬ್ಯಾಕ್ಟೀರಿಯಾ ಹೋಗಿದೆ. ಹೊಟ್ಟೆಯ ಉರಿ ಹೋಗಿ ವಾರಗಳೇ ಆದವು. ಹಸಿವು ಅಂದರೆ ಏನು ಅಂತ ಈಗ ಗೊತ್ತಾಗುತ್ತಿದೆ. ಲಿವರ್ ಮಾತ್ರ... ಕೊಬ್ಬು ಸ್ವಲ್ಪ ಇಳಿದಿದೆ. ಸ್ವಲ್ಪವೇ. ಇದಕ್ಕೆ ಸಮಯ ಬೇಕು, ನಡೆಯಬೇಕು, ಮೇಲಿಂದ ಮೇಲೆ ನೋಡುತ್ತಿರಬೇಕು, ಪೂರ್ತಿ ಹೋಗದೆಯೂ ಇರಬಹುದು ಅಂದರು ಡಾಕ್ಟರಮ್ಮ. ‘ಕ್ರೇನ್ ನಡೆಸೋಕೆ ಇದರಿಂದ ಏನೇನೂ ತೊಂದ್ರೆ ಇಲ್ಲ’ ಅಂತ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟರು.

ಬ್ಯಾಕ್ಟೀರಿಯಾ ಹೋದ ದಿನವೇ ಕೊಬ್ಬೂ ಕರಗಿ, ನಾನು ರಿಪೋರ್ಟನ್ನು ಆ ಮೇಜಿನ ಮೇಲೆ ಬಿಸಾಕುವ ಕನಸು ಕಂಡಿದ್ದೆ. ಆಗಲಿಲ್ಲ.

ಜೂನ್ 5, ಗುರುವಾರ

ಸ್ಟೋರ್ ಮುಚ್ಚುವ ಹೊತ್ತಿಗೆ ಸೀಟಿ ಬಂದ. ಕೌಂಟರ್ ಮೇಲೆ ಎರಡು ಕೈ ಊರಿ ನಿಂತ. ಮುಖ ಬಿಳಿಚಿಕೊಂಡಿತ್ತು.

‘ನಂಗೂ ಇದೆ ಅಕ್ಕ.’

‘ಏನು?’

‘ಎರಡೂ. ಹೊಟ್ಟೇದೂ, ಲಿವರಿಂದೂ. ನಿನಗಿಂತ ಜಾಸ್ತಿ ಅಂತೆ.’ ಒಂದು ಕೈ ಎತ್ತಿ ಎದೆಗೆ ಇಟ್ಟುಕೊಂಡ. ‘ನಾನು ವಾಸನೇನೂ ನೋಡಿಲ್ಲ ಅಕ್ಕ. ದೇವರಾಣೆ. ಹೆಂಡ್ತಿ ನಂಬ್ತಿಲ್ಲ. ಮದುವೆ ಮನೇಲಿ ಭಾಷಣ ಮಾಡ್ತಿದ್ದೋನು ಇವನೇನಾ ಅಂತಾಳೆ.’

ಎಷ್ಟು ದಿನ ಕಾದಿದ್ದೆ ಹೀಗೊಂದು ಘಳಿಗೆಗೆ. ನಾಲಿಗೆಯ ತುದಿಯಲ್ಲಿ ಒಳ್ಳೊಳ್ಳೆಯ ಮಾತುಗಳಿದ್ದವು. ಅವನ ಮುಖ ನೋಡಿ ಒಂದೂ ಹೊರಗೆ ಬರಲಿಲ್ಲ. ‘ನಾನು ನಂಬ್ತೀನಿ’ ಅಂದೆ. ದೊಡ್ಡ ಗಂಡಸು, ಕೌಂಟರಿಗೆ ತಲೆ ಇಟ್ಟು ಅತ್ತ.

ಜೂನ್ 6, ಶುಕ್ರವಾರ

ತೀರ್ಪಾಯಿತು. ಲಿವರಿನಲ್ಲಿ ಕೊಬ್ಬು ಇನ್ನೂ ಇದೆ, ಆದ್ದರಿಂದ ಕ್ಯಾಬಿನ್ ಇಲ್ಲ. ದೊಡ್ಡ ಅಕ್ಷರದಲ್ಲಿ ಬರೆದಿದ್ದನ್ನು ಚಿನ್ನದ ಕನ್ನಡಕ ತಿರುವಿಯೂ ನೋಡಲಿಲ್ಲ. ‘ಕುಡಿತದ ಹಿನ್ನೆಲೆ ಇರೋರನ್ನ ಮೇಲೆ ಕಳಿಸೋಕಾಗಲ್ಲ’ ಅಂತ ಸೂಪರ್‌ವೈಸರ್ ಎದುರಿಗೇ ಅಂದರು. ಹಿನ್ನೆಲೆಯಂತೆ. ಮೂರು ತಿಂಗಳ ಹಿಂದೆ ಅನುಮಾನ, ಇವತ್ತು ಹಿನ್ನೆಲೆ. ಯಾರೂ ಏನೂ ಮಾಡದೆ, ಸುಮ್ಮನೆ ಬಿಟ್ಟಿದ್ದಕ್ಕೇ ಸುಳ್ಳು ಹಣ್ಣಾಗಿದೆ.

ಜೂನ್ 9, ಸೋಮವಾರ. ಬೆಳಗ್ಗೆ 7.40

ಕ್ರೇನಿನ ಏಣಿಯ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು, ಇಲ್ಲದಿದ್ದರೆ ಎದ್ದು ಹತ್ತಿಬಿಡುತ್ತೇನೇನೋ ಅಂತ ಭಯ.

ನನ್ನ ಜಾಗಕ್ಕೆ ಬಂದ ಆಪರೇಟರ್ ಇವತ್ತು ಗೇಟಿನಲ್ಲಿ ಊದಿದ, ಯಂತ್ರ ಕೂಗಿತು. ಲಿವರ್ ಮಾತ್ರ ಚೊಕ್ಕ ಅವನದು. ಮನೆಗೆ ಕಳಿಸಿದರು. ಹಡಗು ಬಂದು ನಿಂತಿದೆ, ಹೊತ್ತು ಕಳೆದಷ್ಟೂ ಕಂಪನಿಗೆ ನಷ್ಟ, ಬೇರೆ ಆಪರೇಟರ್ ಇಲ್ಲ. ಸೂಪರ್‌ವೈಸರ್ ಸ್ಟೋರಿಗೆ ಓಡಿ ಬಂದ. ‘ಅಕ್ಕ, ಹತ್ತಿಬಿಡಿ. ಡಾಕ್ಟರ್ ಫೋನಲ್ಲಿ ಓಕೆ ಅಂದ್ರು.’

‘ಶುಕ್ರವಾರ ಕುಡುಕಿ, ಸೋಮವಾರ ಅಕ್ಕಾನಾ?’

‘ಈಗ ಅದೆಲ್ಲಾ ಯಾಕೆ...’

ಹೇಳಿದೆ. ಡಾಕ್ಟರ್ ಇಲ್ಲಿಗೆ ಬರಲಿ. ಈಕೆ ಕುಡಿಯುವವಳಲ್ಲ, ನಾನು ತಪ್ಪು ಹೇಳಿದೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಲಿ. ಆ ಜಾಡಿ ತೆಗೆಸಿ, ಎಲ್ಲರ ಹೊಟ್ಟೆ ನೋಡಿಸುತ್ತೇನೆ ಅಂತಲೂ ಹೇಳಲಿ. ಆಮೇಲೆ ಹತ್ತುತ್ತೇನೆ. ಸೂಪರ್‌ವೈಸರ್ ಮೊದಲು ಗದರಿದ, ಆಮೇಲೆ ಕೈಮುಗಿದ. ಕೆಲಸ ಹೋಗುತ್ತೆ ಅಂದ. ಹೋಗಬಹುದು.

7.55

ಸೀಟಿ ಬಂದು ಪಕ್ಕದಲ್ಲಿ ಕೂತ. ‘ಇವಳು ಹತ್ತದೆ ನಾನು ಕೈ ಎತ್ತಲ್ಲ’ ಅಂದ, ಸೂಪರ್‌ವೈಸರ್ ಕಡೆ ನೋಡದೆ. ಕಬ್ಬಿಣ ಕಟ್ಟುವವರು ಒಬ್ಬೊಬ್ಬರಾಗಿ ಬಂದರು. ಯಾರೂ ಘೋಷಣೆ ಕೂಗಲಿಲ್ಲ. ಹೆಲ್ಮೆಟ್ ತೆಗೆದು ಅದರ ಮೇಲೇ ಕೂತರು. ಯಾರ್ಡ್ ಇಷ್ಟು ಸದ್ದಿಲ್ಲದೆ ಇದ್ದದ್ದು ನಾನು ನೋಡಿಯೇ ಇಲ್ಲ.

8.20

ಕಾರು ಬಂತು. ಚಿನ್ನದ ಕನ್ನಡಕ ಇಳಿದು, ‘ಒಳಗೆ ಬನ್ನಿ, ಕೂತು ಮಾತಾಡೋಣ’ ಅಂದರು. ಈಗ ಕೂರಲು ಹೇಳುತ್ತಾರೆ. ‘ಇಲ್ಲೇ ಕೂತಿದೀನಲ್ಲ ಸಾರ್’ ಅಂದೆ. ಯಾರೋ ಕಿಸಕ್ಕೆಂದರು. ಡಾಕ್ಟರು ಸೂಪರ್‌ವೈಸರ್ ಕಡೆ ನೋಡಿದರು, ಅವನು ಹಡಗಿನ ಕಡೆ ನೋಡಿದ. ಬೆವರು ಒರೆಸಿಕೊಂಡರು. ಹೇಳಲು ಶುರುಮಾಡಿದ್ದಾರೆ. ತುಟಿ ಅಲ್ಲಾಡುತ್ತಿದೆ, ದನಿ ಅವರ ಟೈ ದಾಟುತ್ತಿಲ್ಲ. ಹಿಂದೆ ಕೂತವರು ಕಿವಿಗೆ ಕೈ ಹಿಡಿದಿದ್ದಾರೆ. ಎದ್ದು ಹೇಳಬೇಕು, ಇನ್ನೂ ಜೋರಾಗಿ ಅಂತ. ಪೆನ್ನು ಇಡುತ್ತೇನೆ.